ಆಯುಧಪೂಜೆಗೆ ಆಫ್ ಮಾಡಿದ ಲ್ಯಾಪ್‌ಟಾಪ್

ವಿಜಯದಶಮಿಯ ಬೆಳಗ್ಗೆ ನನ್ನ ಲ್ಯಾಪ್‌ಟಾಪ್ ನನ್ನನ್ನೇ ಹೊರಗೆ ನಿಲ್ಲಿಸಿತು. ಮೂರು ವಾರದ ಹಿಂದಿನ ಮಾತು.

ಹಿಂದಿನ ದಿನ ಆಯುಧಪೂಜೆ. ಆಕ್ಲೆಂಡಿನ ನಮ್ಮ ಮೌಂಟ್ ರಾಸ್ಕಿಲ್ ಮನೆಯಲ್ಲಿ ಆಯುಧಗಳೆಂದರೆ ಇಷ್ಟೇ: ಕಾರಿನ ಕೀಲಿ, ನಮ್ಮವರ ಡ್ರಿಲ್ ಮಷೀನು, ಮಗಳ ಕ್ಯಾಲ್ಕುಲೇಟರು, ನನ್ನ ಲ್ಯಾಪ್‌ಟಾಪು. ಪೂಜೆಗೆ ಇಟ್ಟದ್ದನ್ನು ಮರುದಿನದವರೆಗೆ ಮುಟ್ಟುವ ಹಾಗಿಲ್ಲ. ಅದಕ್ಕೇ ಪೂರ್ತಿ ಆಫ್ ಮಾಡಿ, ಕುಂಕುಮ ಹಚ್ಚಿ, ಸ್ಯಾಂಡ್ರಿಂಗಮ್ಮಿನ ಇಂಡಿಯನ್ ಅಂಗಡಿಯಿಂದ ತಂದ ಚೆಂಡುಹೂವು ಏರಿಸಿದ್ದೆ. (ಬೇರೆ ದಿನ ಯಾರು ಆಫ್ ಮಾಡುತ್ತಾರೆ ಹೇಳಿ? ಮುಚ್ಚಳ ಮುಚ್ಚುವುದು, ಎದ್ದು ಹೋಗುವುದು.)

ಬೆಳಗ್ಗೆ ಹೂವು ತೆಗೆದು ಬಟನ್ ಒತ್ತಿದೆ. ಕಪ್ಪು ಪರದೆ. ನಡುವೆ ಪುಟ್ಟ ಬೀಗದ ಚಿತ್ರ, ಪಕ್ಕದಲ್ಲಿ ಒಂದು ಖಾಲಿ ಜಾಗ. ಪಾಸ್‌ವರ್ಡ್ ಕೊಡು ಎನ್ನುತ್ತಿದೆ.

ಯಾವ ಪಾಸ್‌ವರ್ಡು? ನನಗೆ ಗೊತ್ತಿರುವುದು ಒಂದೇ. ಗದಗಿನಲ್ಲಿ ಅಪ್ಪ ಓಡಿಸುತ್ತಿದ್ದ ಸ್ಕೂಟರಿನ ನಂಬರು. ಹೊಡೆದೆ. ತಪ್ಪು. ಮಗಳ ಹೆಸರು. ತಪ್ಪು. ಮನೆದೇವರ ಹೆಸರು. ಕೀಂಯ್ ಎಂದು ಸದ್ದು ಮಾಡಿ ಯಂತ್ರ ಸುಮ್ಮನಾಯಿತು. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಮೂರೇ ಅವಕಾಶ. ಮತ್ತೆ ಕೀಂಯ್.

"ಮಮ್, ಇಟ್ಸ್ ಜಸ್ಟ್ ಅ ಪಾಸ್‌ವರ್ಡ್. ರೀಸೆಟ್ ಇಟ್!" ಎಂದಳು ಹದಿನಾರರ ಮಗಳು, ಫೋನಿನಿಂದ ತಲೆಯೆತ್ತದೆ.

ಎಲ್ಲಿ ರೀಸೆಟ್ ಮಾಡಲಿ? ಮರೆತಿರಾ ಎಂದು ಕೇಳುವ ಸೌಜನ್ಯವೂ ಇದಕ್ಕಿಲ್ಲ. ಫರ್ಮ್‌ವೇರ್ ಪಾಸ್‌ವರ್ಡ್ ಅಂತೆ ಇದರ ಹೆಸರು. ಕಂಪ್ಯೂಟರ್ ಕಣ್ಣು ಬಿಡುವ ಮೊದಲೇ ಕೇಳುತ್ತದೆ. ಅದೂ ಆಫ್ ಮಾಡಿ ಆನ್ ಮಾಡಿದಾಗ ಮಾತ್ರ.

"ವಯಸ್ಸಾತು ನಿನಗ, ಒಪ್ಕೊಂಡುಬಿಡು," ಎಂದು ನಮ್ಮವರು ನಕ್ಕರು.

ನನಗೆ ನಗು ಬರಲಿಲ್ಲ.

ಈ ಅಂಕಣ ಓದುವವರಿಗೆ ನನ್ನ ಅವ್ವ ಹೊಸಬಳಲ್ಲ. (ಅವಳ ಶೇಂಗಾ ಹೋಳಿಗೆಯ ಬಗ್ಗೆ ಬರೆದು ನಿಮ್ಮ ತಲೆ ತಿಂದಿದ್ದೇನೆ.) ಆದರೆ ಬರೆಯದೇ ಬಿಟ್ಟ ಸಂಗತಿ ಒಂದಿದೆ. ಗದಗಿನಲ್ಲಿ ಅಣ್ಣನ ಮನೆಯಲ್ಲಿರುವ ಅವ್ವನಿಗೆ ಈಗ ನಾನು ಯಾರೆಂದು ಗೊತ್ತಾಗುವುದಿಲ್ಲ. ಫೋನಿನಲ್ಲಿ "ಆರಾಮ ಅದೀರಿ?" ಎಂದು ನನ್ನನ್ನು ಬಹುವಚನದಲ್ಲಿ ಮಾತಾಡಿಸುತ್ತಾಳೆ.

ಅದು ಶುರುವಾದ ದಿನ ನನಗೆ ನೆನಪಿದೆ. ಅವ್ವನಿಗೆ ಆಗ ಐವತ್ತೆರಡು. ಮನೆಗೆ ಬಂದ ನೆಂಟರಿಗೆಲ್ಲ ತಾನೇ ಉಪ್ಪಿಟ್ಟು ಮಾಡಿ, ತಾನೇ ಬಡಿಸಿ, ಒಂದು ತಾಸು ಬಿಟ್ಟು ಕೇಳಿದಳು, "ಉಪ್ಪಿಟ್ಟು ಭಾಳ ಚಲೋ ಆಗಿತ್ತು. ಯಾರು ಮಾಡಿದ್ರು?" ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವ್ವ ಮಾತ್ರ ನಗಲಿಲ್ಲ. ನಮ್ಮ ಮುಖಗಳನ್ನು ಒಂದೊಂದಾಗಿ ನೋಡುತ್ತ ಕೂತಳು.

ನನಗೀಗ ನಲವತ್ತಾರು.

ಹಾಗಾಗಿ ಆ ಕಪ್ಪು ಪರದೆಯ ಮುಂದೆ ನಾನು ಹೆದರಿದ್ದು ಲ್ಯಾಪ್‌ಟಾಪಿಗಲ್ಲ. ಅದು ಹೋದರೆ ಇನ್ನೊಂದು ಬರುತ್ತದೆ. ನನ್ನ ತಲೆ ಹೋದರೆ?

ಆಗ ಥಟ್ಟನೆ ಹೊಳೆಯಿತು. ರುಕ್ಸಾನಾ! ಜುಲೈನಲ್ಲಿ ಪಕ್ಕದ ಮನೆಗೆ ಕಳ್ಳರು ನುಗ್ಗಿ ಎರಡು ಲ್ಯಾಪ್‌ಟಾಪ್ ಒಯ್ದಿದ್ದರು. ಗಾಬರಿಯಾಗಿ, ನನ್ನದನ್ನು ಭದ್ರ ಮಾಡಿಸಲು ಅವಳನ್ನು ಕರೆಸಿದ್ದೆ. ವಿಜಾಪುರದ ಹುಡುಗಿ, ಓದಲು ಬಂದು ಈಗ ಇಲ್ಲೇ ಒಂದು ಆಫೀಸಿನ ಐಟಿ ವಿಭಾಗದಲ್ಲಿದ್ದಾಳೆ. ಆಕ್ಲೆಂಡಿನ ನಮ್ಮ ಮಂದಿ ಕಂಪ್ಯೂಟರ್ ಕೆಟ್ಟರೆ ಅಂಗಡಿಗೆ ಹೋಗುವುದಿಲ್ಲ, ರುಕ್ಸಾನಾಳನ್ನು ಊಟಕ್ಕೆ ಕರೆಯುತ್ತಾರೆ. ಅವತ್ತು ಅವಳೇ ಏನೋ ಪಾಸ್‌ವರ್ಡ್ ಇಟ್ಟು ಹೋಗಿದ್ದಾಳೆ! ಅಂದರೆ ನಾನು ಮರೆತಿಲ್ಲ. ನನಗೆ ಗೊತ್ತೇ ಇರಲಿಲ್ಲ. ಹೋದ ಜೀವ ಬಂದ ಹಾಗಾಯಿತು. ಮಧ್ಯಾಹ್ನ ಒಂದು ರೊಟ್ಟಿ ಜಾಸ್ತಿಯೇ ತಿಂದೆ.

ಸಂಜೆ ಆಫೀಸು ಮುಗಿಸಿ ಅವಳು ಬಂದಳು. ಚಹಾ ಕೊಡುವ ಮೊದಲೇ ಕೇಳಿದೆ.

"ಪಾಸ್‌ವರ್ಡ್ ಏನ್ ಇಟ್ಟಿದ್ದಿ, ಲಗೂನ ಹೇಳವ್ವ."

"ನಾ ಎಲ್ಲೆ ಇಟ್ಟೀನ್ರಿ ಅಕ್ಕಾ? ನೀವ ಇಟ್ಟಿದ್ರಲ್ಲ."

"ನಾನ?"

"ಹೌದ್ರಿ, ಇದ ಟೇಬಲ್ ಮ್ಯಾಲೆ. ನಾ ಗ್ವಾಡಿ ಕಡೆ ಮಾರಿ ಮಾಡಿ ಕುಂತಿದ್ದೆ. ಸ್ಕೂಟರ್ ನಂಬರ್ ಬ್ಯಾಡ, ಹೊಸಾದ ಹಾಕ್ರಿ ಅಂದೆ. ನೀವು ಎರಡೆರಡು ಸಲ ಟೈಪ್ ಮಾಡಿ, 'ಇದನ್ನ ಸಾಯೂತನಾ ಮರಿಯಂಗಿಲ್ಲ ನೋಡ' ಅಂತ ಎಷ್ಟ ನಕ್ಕಿದ್ರಿ!"

ಅವಳು ಬಂದದ್ದು ನೆನಪಿದೆ. ಬದನೆಕಾಯಿ ಪಲ್ಯ ಎರಡನೇ ಸಲ ಹಾಕಿಸಿಕೊಂಡದ್ದು ನೆನಪಿದೆ. ಬಸ್ಸು ತಪ್ಪಿತೆಂದು ನಮ್ಮವರು ಕಾರಿನಲ್ಲಿ ಬಿಟ್ಟು ಬಂದದ್ದೂ ನೆನಪಿದೆ. ಆದರೆ ನಾನು ಟೈಪ್ ಮಾಡಿದ್ದು? ಆ ಮಾತು ಆಡಿದ್ದು? ನಕ್ಕದ್ದು? ಎಷ್ಟು ತಡಕಾಡಿದರೂ ಅಲ್ಲಿ ಏನೂ ಇಲ್ಲ. ಪಾಸ್‌ವರ್ಡ್ ಮರೆಯುವುದು ಬೇರೆ. ಪಾಸ್‌ವರ್ಡ್ ಇಟ್ಟದ್ದನ್ನೇ ಮರೆಯುವುದು ಬೇರೆ. ಅಲ್ಲವೇ?

"ಹಾಂ ಹಾಂ, ಈಗ ನೆನಪಾತು ನೋಡು," ಎಂದೆ. ಸುಳ್ಳು.

ಲ್ಯಾಪ್‌ಟಾಪ್ ತೆರೆಯಿತು ಬಿಡಿ. ಕೊಂಡಾಗಿನ ಬಿಲ್ಲು ಹುಡುಕಿ ರುಕ್ಸಾನಾ ಲ್ಯಾಪ್‌ಟಾಪಿನ ಕಂಪನಿಗೆ ಕಳಿಸಿದಳು. ನಾಲ್ಕು ದಿನಕ್ಕೆ ಅವರು ಒಂದು ಕೋಡ್ ಕೊಟ್ಟರು. ಬೀಗದ ಚಿತ್ರ ಮಾಯ. ಫೈಲುಗಳೆಲ್ಲ ಇಟ್ಟಲ್ಲೇ ಇದ್ದವು.

"ಮುಗೀತಲ್ಲ! ಮತ್ಯಾಕ ಮಾರಿ ಸಣ್ಣ ಮಾಡ್ಕೊಂಡೀ?" ಎಂದರು ನಮ್ಮವರು.

ಏನು ಹೇಳಲಿ? ಅವತ್ತಿನಿಂದ ನನಗೆ ನಾನೇ ಪರೀಕ್ಷೆ ಇಟ್ಟುಕೊಂಡಿದ್ದೇನೆ. ಬಸ್ಸಿನಲ್ಲಿ ಕೂತು ಮುಂದಿನ ಸ್ಟಾಪುಗಳನ್ನು ಬಾಯಲ್ಲೇ ಹೇಳಿಕೊಳ್ಳುತ್ತೇನೆ. ಮಗಳ ಕ್ಲಾಸ್ ಟೀಚರುಗಳ ಹೆಸರು ಒಂದನೇ ಇಯತ್ತೆಯಿಂದ. ಮಾಸಗಳ ಹೆಸರು, ಚೈತ್ರ, ವೈಶಾಖ... ಆಷಾಢದ ಹತ್ತಿರ ಒಂದು ಕ್ಷಣ ತಡವರಿಸಿದರೆ ಬೆವರುತ್ತೇನೆ. ಗ್ಯಾಸ್ ಆರಿಸಿದ್ದೇನೆಯೇ ಎಂದು ಮೂರು ಸಲ ನೋಡುತ್ತೇನೆ. ಮೂರು ಸಲ ನೋಡಿದ್ದು ನೆನಪಿದೆ ಎಂದು ಖುಷಿಪಡುತ್ತೇನೆ!

ಬ್ಯಾಂಕಿಗೊಂದು, ಈಮೇಲಿಗೊಂದು, ಆಫೀಸಿಗೊಂದು, ಮಗಳ ಸ್ಕೂಲಿಗೊಂದು. ಈ ಕಾಲದಲ್ಲಿ ಪಾಸ್‌ವರ್ಡ್ ಮರೆಯದವರು ಯಾರಿದ್ದಾರೆ? ನೀವೂ ಮರೆಯುತ್ತೀರಿ. ಹೌದು ಎನ್ನಿ, ದಯವಿಟ್ಟು ಹೌದು ಎನ್ನಿ.

ಮೊನ್ನೆ ಧೈರ್ಯ ಮಾಡಿ ನಮ್ಮ ಡಾಕ್ಟರ ಕ್ಲಿನಿಕ್ಕಿಗೆ ಫೋನ್ ಹಚ್ಚಿದೆ. ಏನು ತೊಂದರೆ ಎಂದು ರಿಸೆಪ್ಷನಿಸ್ಟ್ ಕೇಳಿದಳು. ಬಿಪಿ ಎಂದುಬಿಟ್ಟೆ. ಮಂಗಳವಾರ ಬರಲು ಹೇಳಿದ್ದಾಳೆ. ಡಾಕ್ಟರ ಮುಂದೆ ನಿಜ ಹೇಳುತ್ತೇನೋ ಇಲ್ಲವೋ, ಗೊತ್ತಿಲ್ಲ. ಅವರು ಇದಕ್ಕೊಂದು ಹೆಸರಿಟ್ಟರೆ, ನಾನು ಅವ್ವನನ್ನು ನೋಡಿದ ಹಾಗೆ ನನ್ನ ಮಗಳು ನನ್ನನ್ನು ನೋಡತೊಡಗುತ್ತಾಳೆ. ಅದು ನನಗೆ ಬೇಡ. ಖಂಡಿತ ಬೇಡ.

ಮನೆಯಲ್ಲಿ ಯಾರಿಗೂ ಹೇಳಿಲ್ಲ. (ನಮ್ಮವರು ನನ್ನ ಅಂಕಣ ಓದುವುದಿಲ್ಲ. ಮಗಳಿಗೆ ಕನ್ನಡ ಕೇಳಲು ಬರುತ್ತದೆ, ಓದಲು ಬರುವುದಿಲ್ಲ.) ನಿಮಗೆ ಮಾತ್ರ ಹೇಳುತ್ತಿದ್ದೇನೆ, ಮೊದಲನೇ ಸಲ.

ಮೊದಲನೇ ಸಲವೇ ತಾನೆ? ಹೋದ ವಾರವೂ ನಾನು ಇದನ್ನೇ ಬರೆದಿರಲಿಲ್ಲ, ಅಲ್ಲವೇ?