ಜವರಯ್ಯ ಆರಿಸಿದ ಸ್ಪೀಕರ್

ಕೊಡಗಿನ ತಿತಿಮತಿಯ ಸಾಹುಕಾರ ಬೊಳ್ಳಪ್ಪನವರ ಕಾಫಿ ತೋಟದಲ್ಲಿ ಜವರಯ್ಯ ಹದಿನೆಂಟು ವರ್ಷ ಡ್ರೈವರಾಗಿದ್ದ. ಕುಶಾಲನಗರದ ಕಡೆಯ ಒಕ್ಕಲು ಮಗ. ಸಾಹುಕಾರರ ಮಕ್ಕಳು ಮೂವರೂ ಹುಟ್ಟುವ ಹೊತ್ತಿಗೆ ಅವರ ತಾಯಿಯನ್ನು ಆಸ್ಪತ್ರೆಗೆ ಮುಟ್ಟಿಸಿದವನು ಇವನೇ.

ಸಾವಿರದ ಒಂಬೈನೂರ ಅರವತ್ತಮೂರರಲ್ಲಿ, ಸುಗ್ಗಿ ಹಬ್ಬವಾದ ಹುತ್ತರಿಯ ದಿನ, ಹೊಸ ಭತ್ತದ ಕದಿರು ತಂದು ಮನೆದೀಪದ ಮುಂದೆ ಇಟ್ಟ ಮೇಲೆ ಸಾಹುಕಾರರು ಎಲ್ಲರ ಎದುರು ಹೇಳಿದ್ದರು: "ಹೊಸ ಕಾರು ಬಂದ ದಿನ ಈ ಹಳೇ ಲ್ಯಾಂಡ್‌ಮಾಸ್ಟರ್ ನಿಂದೇ ಜವರಯ್ಯ. ಟ್ಯಾಕ್ಸಿ ಓಡಿಸ್ಕೊ."

ಆ ದೀಪದ ಮುಂದೆ ಆಡಿದ ಮಾತಿಗೆ ಈ ಸೀಮೆಯಲ್ಲಿ ಯಾರೂ ಕಾಗದ ಕೇಳುವುದಿಲ್ಲ. ಜವರಯ್ಯನೂ ಕೇಳಲಿಲ್ಲ. ತಿತಿಮತಿಯಲ್ಲಿ ಟ್ಯಾಕ್ಸಿ ಎಲ್ಲಿ ನಿಲ್ಲಿಸಬೇಕೆಂದು ಹೆಂಡತಿ ಸಿದ್ದಮ್ಮನಿಗೆ ತೋರಿಸಿಯೂ ಇಟ್ಟಿದ್ದ.

ಅರವತ್ತಾರರಲ್ಲಿ, ಬುಕ್ ಮಾಡಿ ಕಾಯುತ್ತಿದ್ದ ಹೊಸ ಕಾರಿನ ಸರದಿ ಬಂತೆಂದು ಕಾಗದ ಬಂತು. ಅದೇ ವಾರ ಸಾಹುಕಾರರು ಕರೆದರು: "ಹಳೇ ಕಾರಿನ ರೇಡಿಯೋ ಬರೀ ಗೊರಗುಟ್ಟುತ್ತೆ. ಮೈಸೂರಿಗೆ ಹೋಗಿ ಬೇರೆ ಸ್ಪೀಕರ್ ಹಾಕಿಸ್ಕೊಂಡು ಬಾ. ಒಳ್ಳೇದೇ ಇರಲಿ."

ಕೊಡುವುದನ್ನು ಕುಂದಿಲ್ಲದೆ ಕೊಡುತ್ತಿದ್ದಾರೆ ಎಂದುಕೊಂಡ ಜವರಯ್ಯ. ದಾರಿಯುದ್ದಕ್ಕೂ ಅವರನ್ನು ಹರಸಿದ.

ಅಂಗಡಿಯವನು ಮರದ ದೊಡ್ಡ ಪೆಟ್ಟಿಗೆಗೆ ಎಂಟಿಂಚಿನ ಸ್ಪೀಕರ್ ಕಟ್ಟಿ ಹಾಡು ಹಾಕಿದ. "ಕೇಳಪ್ಪ, ಗುಡುಗಿದ ಹಾಗಿದೆ."

"ಗುಡುಗ್ತಿರೋದು ಪೆಟ್ಟಿಗೆ ಸ್ವಾಮಿ. ಇದನ್ನ ಕೂರಿಸ್ಬೇಕಾದ್ರೆ ಕಾರಿನ ತಗಡೇ ಕೊಯ್ಯಬೇಕು. ನಮ್ಮ ಹಳೇ ರೇಡಿಯೋಗೆ ಇದನ್ನ ಅಲ್ಲಾಡಿಸೋ ತ್ರಾಣವೂ ಇಲ್ಲ. ಆರಿಂಚಿನದು ತೆಗೀರಿ. ಕಾರಲ್ಲೇ ಕಟ್ಟಿ, ಇಂಜಿನ್ ಚಾಲೂ ಮಾಡ್ತೀನಿ."

"ಏನಯ್ಯ, ಹೆಣ್ಣು ನೋಡೋಕೆ ಬಂದವನ ಹಾಗೆ ಆಡ್ತೀಯ."

"ಹೆಣ್ಣು ನೋಡೋಕೆ ಹೋದಾಗ ಇಷ್ಟು ನೋಡಿರ್ಲಿಲ್ಲ ಬಿಡಿ."

ಆರಿಂಚಿನವುಗಳಲ್ಲಿ ಎರಡರ ಕಾಗದದ ಅಂಚನ್ನು ಬೆರಳಲ್ಲಿ ಒತ್ತಿ ನೋಡಿಯೇ ಹಿಂದಕ್ಕೆ ಕೊಟ್ಟ. "ನಮ್ಮ ಮಳೆಗೆ ಈ ಕಾಗದ ನೆನೆದ ಹಪ್ಪಳ ಆಗುತ್ತೆ." ಮೂರನೆಯದರ ಅಂಚಿಗೆ ಬಟ್ಟೆ ಅಂಟಿಸಿತ್ತು. ಅದನ್ನು ಕಟ್ಟಿಸಿಕೊಂಡು ಹುಣಸೂರು ರಸ್ತೆಯಲ್ಲಿ ನಾಲ್ಕು ಮೈಲಿ ಓಡಿಸಿದ. ಇಂಜಿನ್ನಿನ ಗದ್ದಲದ ಮೇಲೆ ವಾರ್ತೆಯ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿತು.

ಭಾನುವಾರ ಕುಟ್ಟ ಎಂಬ ಊರಿನಿಂದ ಮರದ ವ್ಯಾಪಾರಿಯೊಬ್ಬ ಬಂದ. ಸಾಹುಕಾರರು, "ಜವರಯ್ಯ, ರೇಡಿಯೋ ಹಾಕು" ಎಂದರು. ಹಾಕಿದ. ವ್ಯಾಪಾರಿ ಕಾರಿನ ಬಾಗಿಲಿಗೆ ಒರಗಿ ಒಂದು ಹಾಡು ಪೂರ್ತಿ ಕೇಳಿ ತಲೆದೂಗಿದ.

"ರೇಡಿಯೋ ಮಾತಾಡಿದ್ರೆ ಮಾತ್ರ ಕಾರು ತಗೊಳ್ಳೋದು ಅಂದಿದ್ದೆನಲ್ಲ, ಇದು ಚೆನ್ನಾಗೇ ಮಾತಾಡುತ್ತೆ. ಯಾರು ಆರಿಸಿದ್ದು?"

"ನಾನೇ ಮೈಸೂರಿಂದ ತರಿಸಿದೆ" ಎಂದರು ಸಾಹುಕಾರರು.

ವ್ಯಾಪಾರಿ ಕಾಫಿ ಕುಡಿಯಲು ಒಳಗೆ ಹೋದ ಮೇಲೆ ಜವರಯ್ಯ ಅಂಗಳದಲ್ಲೇ ಕೇಳಿದ: "ಸಾವ್ಕಾರ್ರೇ, ಹುತ್ತರಿ ದಿನ ನೀವು ದೀಪದ ಮುಂದೆ..."

"ಅದು ಹಬ್ಬದ ಮಾತಲ್ವಾ ಮಾರಾಯ. ಹಬ್ಬದಲ್ಲಿ ಮನಸ್ಸು ತುಂಬಿ ಏನೇನೋ ಹೇಳ್ತೀವಿ. ನಿಂಗೆ ಈ ಸಲ ಒಳ್ಳೇ ಕಂಬಳಿ ಕೊಡಿಸ್ತೀನಿ. ಈಗ ಕಾರನ್ನ ಕುಟ್ಟಕ್ಕೆ ಬಿಟ್ಟು ಬಾ."

ಹದಿನೆಂಟು ವರ್ಷಕ್ಕೆ ಒಂದು ಕಂಬಳಿ! ಇಂಥ ದೊಡ್ಡ ಮನುಷ್ಯರಿಗೇ ನಾವು ಸಭೆಯಲ್ಲಿ ಮುಂದಿನ ಕುರ್ಚಿ ಬಿಟ್ಟುಕೊಡುತ್ತೇವೆ. ಜವರಯ್ಯ ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟು, ತೋಟದ ಆಳುಗಳ ಸಾಲಿನಲ್ಲಿದ್ದ ತನ್ನ ಲೈನು ಮನೆಗೆ ನಡೆದ. ಸಂಜೆಯೊಳಗೆ ಗಂಡಹೆಂಡತಿ ಗಂಟುಮೂಟೆ ಕಟ್ಟಿದ್ದರು.

ಈಗ ಅವನು ಬೇರೆಯವರ ಲಾರಿ ಓಡಿಸುತ್ತಾನೆ. ಹೋದ ತಿಂಗಳು ತೋಟದ ಲೆಕ್ಕ ಬರೆಯುವ ರೈಟರ್ ದೇವರಾಜು ಸಾಹುಕಾರರು ಹೇಳಿಕಳುಹಿಸಿದ ಮಾತು ಹೊತ್ತು ಬಂದ: ಹೊಸ ಕಾರಿಗೆ ರೇಡಿಯೋ, ಸ್ಪೀಕರ್ ಆರಿಸಲು ಜೊತೆಗೆ ಬರಬೇಕಂತೆ. ಜವರಯ್ಯ ಸೇದುತ್ತಿದ್ದ ಬೀಡಿಯನ್ನು ಹೊಸಕಿದ.

"ಹುತ್ತರಿ ದಿನ ನೀವೂ ಅಲ್ಲೇ ನಿಂತಿದ್ರಲ್ಲ ರೈಟ್ರೇ. ಅವರು ಹೇಳಿದ್ದು ಕೇಳಿಸ್ಕೊಂಡಿದ್ರಾ?"

ದೇವರಾಜು ರಸ್ತೆಯ ಕಡೆ ನೋಡಿದ. "ನಂಗೆ ಅಷ್ಟು ಸರಿಯಾಗಿ ಕೇಳಿಸ್ಲಿಲ್ಲ ಮಾರಾಯ."

"ಹಂಗಾದ್ರೆ ಜವರಯ್ಯನಿಗೂ ಈಗ ಸರಿಯಾಗಿ ಕೇಳ್ಸಲ್ವಂತೆ ಅಂತ ಹೇಳ್ಬಿಡಿ. ಸ್ಪೀಕರ್ ಆರಿಸೋಕೆ ಕಿವಿ ಇರೋರ್ನ ಹುಡುಕ್ಕೊಳ್ಳಲಿ."