ಮಣಿಕಟ್ಟು ಹಿಡಿದ ಸಿಸ್ಟರ್

ಕಳೆದ ವಾರ ತಮ್ಮನ ಹೆಂಡತಿಯ ಜೊತೆ ದಟ್ಟಗಳ್ಳಿಯ ಕ್ಲಿನಿಕ್ಕಿಗೆ ಹೋಗಿದ್ದೆ. ಅವಳಿಗೆ ಏಳು ತಿಂಗಳು. ಮಗುವಿನ ಎದೆಬಡಿತ ಕೇಳಲು ಹೊಟ್ಟೆಗೆ ಜೆಲ್ ಹಚ್ಚಿದರು. ಆ ತಣ್ಣನೆಯ ಔಷಧಿ ವಾಸನೆ ಮೂಗಿಗೆ ಬಡಿದದ್ದೇ ತಡ, ಹನ್ನೊಂದು ವರ್ಷದ ಹಿಂದಿನ ಆ ಸಿಸ್ಟರ್ ನೆನಪಾದರು...

ಆಗ ನಾವು ಕುಂಬಾರಕೊಪ್ಪಲಿನಲ್ಲಿದ್ದೆವು. ನನಗೆ ಒಂಬತ್ತು ತಿಂಗಳು ತುಂಬುತ್ತಿತ್ತು. ಅದಕ್ಕೂ ಮೊದಲು ಒಂದು ಮಗು ಹೊಟ್ಟೆಯಲ್ಲೇ ಹೋಗಿತ್ತು. ಹಾಗಾಗಿ ಆ ಬೆಳಿಗ್ಗೆ ತಿಂಡಿ ತಿಂದು ಎಷ್ಟು ಹೊತ್ತಾದರೂ ಮಗು ಮಿಸುಕದಿದ್ದಾಗ ಜೀವ ಬಾಯಿಗೆ ಬಂತು. ಯಜಮಾನರು ಆಟೋದಲ್ಲಿ ಬನ್ನಿಮಂಟಪದ ಕಡೆಯ ಸಣ್ಣ ಆಸ್ಪತ್ರೆಯೊಂದಕ್ಕೆ ಕರೆದೊಯ್ದರು.

ಹೊಸದಾಗಿ ಸೇರಿದ್ದ ನರ್ಸ್ ಒಬ್ಬಳು ಹೊಟ್ಟೆಗೆ ಬೆಲ್ಟ್ ಕಟ್ಟಿ ಮಿಷನ್ ಹಾಕಿದಳು. ಟಕಟಕ ಸದ್ದು ಕೇಳಿತು. ಪರದೆಯಲ್ಲಿ ನೂರಿಪ್ಪತ್ತರ ಆಸುಪಾಸು.

"ಮಗು ಹಾರ್ಟ್‌ಬೀಟ್ ಚೆನ್ನಾಗಿದೆ ಮೇಡಂ, ಹೆದರ್ಕೋಬೇಡಿ" ಅಂದಳು. ನನಗೆ ಅಳುವೇ ಬಂತು. ಯಜಮಾನರು ಅಮ್ಮನಿಗೆ ಫೋನ್ ಮಾಡಲು ಹೊರಗೆ ಹೋದರು.

ವಾರ್ಡಿನ ಹಿರಿಯ ಸಿಸ್ಟರ್ ಪಕ್ಕದ ಹಾಸಿಗೆಗೆ ಹೊರಟಿದ್ದವರು, ಸದ್ದು ಕೇಳಿ ನಿಂತರು. ಐವತ್ತು ದಾಟಿದ, ದಪ್ಪ ಕನ್ನಡಕದ ಹೆಂಗಸು. ನಾಡಿ ನೋಡಲು ನನ್ನ ಮಣಿಕಟ್ಟು ಹಿಡಿದರು. ಕಣ್ಣು ಮಾತ್ರ ಪರದೆಯ ಮೇಲೆ.

"ಏನ್ ಸಿಸ್ಟರ್?"

"ವಸಿ ಸುಮ್ನಿರು."

ಆಮೇಲೆ ಮೆಲ್ಲಗೆ ಹೇಳಿದರು: "ಇದು ಮಗೂದಲ್ಲ ಕಣಮ್ಮ, ನಿಂದು. ಭಯಕ್ಕೆ ನಿನ್ ಎದೆ ಇಂಗ್ ಓಡ್ತಾ ಐತೆ. ಮಿಷನ್ನು ಅದನ್ನೇ ಇಡ್ಕೊಂಡೈತೆ."

ಬೆಲ್ಟ್ ಸಡಿಲಿಸಿ, ಅದರಡಿಯ, ಎದೆಬಡಿತ ಹಿಡಿಯುವ ಬಿಲ್ಲೆಯನ್ನು ಹೊಟ್ಟೆಯ ಮೇಲೆ ಅಲ್ಲಿ ಇಲ್ಲಿ ಒತ್ತಿ ಹುಡುಕಿದರು. ಬರೀ ಗೊರಗೊರ ಸದ್ದು... ಕೊನೆಗೆ ಕಿಬ್ಬೊಟ್ಟೆಯ ಬಲಗಡೆ ಸಿಕ್ಕಿತು. ನಿಧಾನ, ತಡೆದು ತಡೆದು. ಪರದೆಯಲ್ಲಿ ಎಂಬತ್ತೂ ಇರಲಿಲ್ಲ; ಮಗುವಿಗೆ ನೂರಹತ್ತಾದರೂ ಇರಬೇಕಂತೆ.

"ಎಡಕ್ಕೆ ಹೊರಳ್ಕೋ" ಅಂದವರೇ ನರ್ಸ್ ಕಡೆ ತಿರುಗಿ, "ಡಾಕ್ಟ್ರನ್ನ ಕರಿ, ಓಡು!" ಎಂದು ಕೂಗಿದರು.

ಸ್ಟ್ರೆಚರ್ ಆಪರೇಷನ್ ಥಿಯೇಟರಿಗೆ ಓಡಿತು. ಕೈಯಲ್ಲಿ ಹಿಡಿಯುವ ಪುಟ್ಟ ಯಂತ್ರವೊಂದನ್ನು ನನ್ನ ಹೊಟ್ಟೆಗೊತ್ತಿಕೊಂಡು ಅವರೂ ಪಕ್ಕದಲ್ಲೇ ಓಡಿದರು. ಅದರ ಸದ್ದು ಕ್ಷೀಣವಾದಾಗಲೆಲ್ಲ ನನ್ನ ಮುಖದ ಹತ್ತಿರ ಬಗ್ಗಿ, "ಐತೆ ಕಣಮ್ಮ, ಇನ್ನೂ ಐತೆ" ಅನ್ನುತ್ತಿದ್ದರು. ಬಾಗಿಲು ಮುಚ್ಚುವವರೆಗೂ ಅಂದರು.

ಮಗಳು ನೀಲಿಗಟ್ಟಿ ಹುಟ್ಟಿದಳು. ಕೊರಳಿಗೆ ಹೊಕ್ಕುಳಬಳ್ಳಿ ಎರಡು ಸುತ್ತು. ಅತ್ತಳಂತೆ, ಸ್ವಲ್ಪ ತಡವಾಗಿ...

ಮನೆಗೆ ಹೊರಡುವ ದಿನ ಸಿಸ್ಟರ್ ಮಗುವಿನ ಅಂಗಾಲು ಸವರಿ, "ಹೆಸರಿಡೋವಾಗ ಕರೀಬೇಕು ಕಣಮ್ಮ, ಮರ್ತ್‌ಬುಟ್ಟೀಯ!" ಅಂದಿದ್ದರು. ಖಂಡಿತ ಅಂದಿದ್ದೆ. ಬಾಣಂತನಕ್ಕೆ ತವರಿಗೆ ಹೋದೆ, ನಾಮಕರಣ ಅಲ್ಲೇ ಆಯಿತು. ಕರೆಯಲಿಲ್ಲ. ಆಮೇಲೆ ಹೋದರಾಯಿತು ಅಂದುಕೊಂಡೇ ವರ್ಷಗಳು ಕಳೆದವು.

ಕಳೆದ ವಾರ ಆ ಕ್ಲಿನಿಕ್ಕಿನಿಂದ ನಾದಿನಿಯನ್ನು ಮನೆಗೆ ಬಿಟ್ಟು, ನೇರ ಆ ಆಸ್ಪತ್ರೆಗೆ ಹೋಗಿ ಸಿಸ್ಟರ್ ಬಗ್ಗೆ ವಿಚಾರಿಸಿದೆ.

"ಅವ್ರು ತೀರ್ಕೊಂಡು ಎರಡು ವರ್ಷ ಆಯ್ತಲ್ಲ ಮೇಡಂ" ಅಂದಳು ಕೌಂಟರಿನ ಹೆಂಗಸು. ನನ್ನ ಮುಖ ನೋಡಿ, "ನಿಮಗೆ ಏನಾಗ್ಬೇಕಿತ್ತು ಅವ್ರು?" ಅಂತ ಕೇಳಿದಳು.

ಫೋನ್ ತೆಗೆದು ಮಗಳ ಫೋಟೋ ತೋರಿಸಿದೆ. ಮಗಳ ಶಾಲೆ ಬಿಡುವ ಹೊತ್ತಾಗಿತ್ತು, ಅವಳನ್ನು ಕರೆತರಲು ಹೊರಟೆ.