ಭಾನುವಾರದ ಎಂಜಿನಿಯರ್

ವಾರವಿಡೀ ಕಚೇರಿಯಲ್ಲಿ ಕಂಡವರ ಕಡತಗಳಿಗೆ ಮುದ್ರೆ ಒತ್ತುವ ನಮ್ಮ ಗುಮಾಸ್ತ ಭಾನುವಾರ ಬಂತೆಂದರೆ ಎಂಜಿನಿಯರ್ ಆಗಿಬಿಡುತ್ತಾನೆ. ಗುಜರಿ ಅಂಗಡಿಯಿಂದ ತಂದ ಅಂಗೈಯಗಲದ ಆಟಿಕೆ ಉಗಿಯಂತ್ರವನ್ನು ಅಡುಗೆಮನೆಯ ಕಟ್ಟೆಯ ಮೇಲೆ ಬಿಚ್ಚಿ ಹರಡುತ್ತಾನೆ. ಹಿತ್ತಾಳೆ ಉಜ್ಜುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಉಜ್ಜಿ ಉಜ್ಜಿ ಬಾಯ್ಲರಿನ ತಗಡೇ ಸವೆದು ತೂತಾಗಿದೆ. ತೂತಿಗೆ ಬೆಸುಗೆ ಹಾಕಿ, ಕೆಳಗೆ ಸ್ಪಿರಿಟ್ ದೀಪ ಹಚ್ಚಿ, ಚಕ್ರ ಈಗ ತಿರುಗೀತು, ಸೀಟಿ ಈಗ ಕೂಗೀತು ಎಂದು ಬಾಯಿಬಿಟ್ಟುಕೊಂಡು ಕೂರುತ್ತಾನೆ. ಅಷ್ಟರಲ್ಲಿ ಒಳಗಿನ ನೀರು ಬತ್ತಿ, ಬೆಸುಗೆ ಕರಗಿ ತೊಟ್ಟಿಕ್ಕುತ್ತದೆ. "ಇದೊಂದು ವಾಷರ್ ಕೂತ್ರೆ ಮುಗೀತು" ಎನ್ನುವುದು ಅವನ ವಾರದ ಮಾತು. "ಅದು ಕೂತ್ಕೊಳ್ಳೋವರ್ಗೂ ನಾನೆಲ್ಲಿ ನಿಂತ್ಕೊಂಡು ಅಡುಗೆ ಮಾಡ್ಲಿ ರೀ?" ಎನ್ನುವುದು ಹೆಂಡತಿಯದು. ಒಳಕೋಣೆಯ ಮಂಚದ ಮೇಲೆ ಅವನ ಅಪ್ಪ ಇದ್ದಾರೆ. ಮೂವತ್ತು ವರ್ಷ ಕಾರ್ಖಾನೆಯ ಬಾಯ್ಲರ್ ಕಾಯ್ದವರು, ಈಗ ಕಣ್ಣು ಕಾಣದು. ಉಗಿಯ ಸೀಟಿಯನ್ನು ಇನ್ನೊಂದು ಸಲ ಕೇಳಬೇಕೆಂದವರು ಅವರೇ. ಡಾಕ್ಟರು ಇನ್ನು ಕೆಲವೇ ದಿನ ಎಂದಿದ್ದಾರೆ. ಮೊನ್ನೆ ಭಾನುವಾರವೂ ಬೆಸುಗೆ ಕರಗಿದಾಗ ನಮ್ಮ ಎಂಜಿನಿಯರ್ ಬಾಗಿಲ ಮರೆಯಲ್ಲಿ ನಿಂತು, ಬಾಯಿಗೆ ಎರಡು ಬೆರಳಿಟ್ಟು ತಾನೇ ಉದ್ದಕ್ಕೆ ಸೀಟಿ ಊದಿದ. ಅಪ್ಪ ಮುಖವನ್ನು ಬಾಗಿಲ ಕಡೆ ತಿರುಗಿಸಿದರು. "ಚೆನ್ನಾಗಿತ್ತು ಮಗಾ," ಎಂದರು. "ಆದ್ರೆ ಉಗಿ ಮಧ್ಯದಲ್ಲಿ ಉಸಿರು ತಗೊಳ್ಳಲ್ಲ."